ವಾಸ್ತುಶಾಂತಿಯ ದಿನ ಮರೆತ ಒಂದು ಕಾಗದ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಹತ್ತನೆಯ ತರಗತಿಯಲ್ಲಿ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತು, ಪಾಠಕ್ಕಿಂತ ಹೊರಗಿನ ರಸ್ತೆಯನ್ನೇ ಹೆಚ್ಚು ನೋಡುತ್ತಿದ್ದ ಹುಡುಗ. ಈಗ ನಲವತ್ತು ದಾಟಿದ ಗೃಹಸ್ಥ. ಗೋಕಾಕದಲ್ಲಿ ಒಂದು ಮನೆ ಕೊಂಡಿದ್ದಾನೆ. "ಸರ್, ಬರೋ ತಿಂಗಳ ವಾಸ್ತುಶಾಂತಿ ಇಟ್ಕೊಂಡೇನ್ರಿ. ನೀವೂ ಅಮ್ಮಾರೂ ಬಂದು ಆಶೀರ್ವಾದ ಮಾಡಬೇಕ್ರಿ" ಎಂದ. ಸಂತೋಷವಾಯಿತು. ಶಿಷ್ಯನು ಸ್ವಂತ ಸೂರು ಮಾಡಿಕೊಂಡನೆಂದರೆ ಗುರುವಿಗೆ ಅದಕ್ಕಿಂತ ಬೇರೆ ಸಂಭ್ರಮ ಬೇಕೇ? ಮನೆ ಎಲ್ಲಿ, ಎಷ್ಟು ಕೋಣೆ, ನೀರಿನ ಅನುಕೂಲ ಹೇಗೆ ಎಂದೆಲ್ಲ ವಿಚಾರಿಸಿದ ಮೇಲೆ ಕೊನೆಗೆ ಒಂದು ಪ್ರಶ್ನೆ ಕೇಳಿದೆ: "ಮನಿಗೆ ವಿಮಾ ಮಾಡಿಸಿಯೇನಪಾ?"

ಅತ್ತಕಡೆ ಒಂದು ಕ್ಷಣ ಮೌನ. ಆಮೇಲೆ, "ಸಾಲ ಕೊಡುವಾಗ ಬ್ಯಾಂಕಿನವರು ಮಾಡಿರತಾರಲ್ರಿ ಸರ್?" ಎಂದ.

ನನ್ನ ಎದೆ ಧಸಕ್ಕೆಂದಿತು. ಏಕೆಂದರೆ ಇದೇ ಮಾತನ್ನು, ಬಹುಮಟ್ಟಿಗೆ ಇದೇ ಶಬ್ದಗಳಲ್ಲಿ, 2018ರಲ್ಲಿ ನಾನೂ ಆಡಿದ್ದೆ. ಆ ಮಾತಿಗೆ ನಾನು ತೆತ್ತ ಬೆಲೆಯನ್ನು ಇದುವರೆಗೆ ಮನೆಯವರ ಹೊರತು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ಮೂವತ್ನಾಲ್ಕು ವರ್ಷ "ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ" ಎಂದು ಮಕ್ಕಳಿಗೆ ಹೇಳಿದ ಶಿಕ್ಷಕನು ತಾನೇ ಕಾಗದ ಓದದೆ ಸಹಿ ಮಾಡಿದ ಕಥೆಯನ್ನು ಹೇಳಿಕೊಳ್ಳಲು ಸಂಕೋಚವಾಗುವುದು ಸಹಜವಷ್ಟೆ. ಆದರೆ ನನ್ನ ಸಂಕೋಚದಿಂದ ಇನ್ನೊಬ್ಬರಿಗೆ ನಷ್ಟವಾಗುವುದಾದರೆ ಅದು ಸಂಕೋಚವಲ್ಲ, ಅಪರಾಧ. ಆದ್ದರಿಂದ ಇಂದು ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಅನೇಕರಿಗೆ ತಿಳಿದಿರುವಂತೆ ನನ್ನ ತಂದೆಯವರು ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ದುಡಿದವರು. ನಮ್ಮ ಬಾಲ್ಯವೆಲ್ಲ ಮಿಲ್ಲಿನ ಚಾಳಿನಲ್ಲಿಯೇ ಕಳೆಯಿತು. ಮಿಲ್ಲಿನ ಭೋಂಗಾ ಕೂಗಿದಾಗ ಏಳುವುದು, ಭೋಂಗಾ ಕೂಗಿದಾಗ ಉಣ್ಣುವುದು. "ನಮ್ಮದು ಅನ್ನೋ ನಾಲ್ಕು ಗೋಡೆ ಇರಬೇಕು" ಎಂಬುದು ತಂದೆಯವರ ಕೊನೆಯವರೆಗಿನ ಮಾತಾಗಿತ್ತು. ಅದು ಅವರ ಕಾಲದಲ್ಲಿ ಕೈಗೂಡಲಿಲ್ಲ. ನಾನೂ ಸೇವೆಯ ಉದ್ದಕ್ಕೂ ಬಾಡಿಗೆ ಮನೆಗಳಲ್ಲಿಯೇ ಕಾಲ ಕಳೆದೆ. 2017ರಲ್ಲಿ ನಿವೃತ್ತನಾದ ಮೇಲೆ, ಮರುವರ್ಷ ಕೊಣ್ಣೂರಿನ ತಗ್ಗಿನ ಭಾಗದಲ್ಲಿ ಒಂದು ಮನೆ ನೋಡಿದೆವು. ಮುಂದೆ ಎರಡು ಆರ್‌ಸಿಸಿ ಕೋಣೆ ಮತ್ತು ಪಡಸಾಲೆ, ಹಿಂದೆ ಹಳೆಯ ಕಾಲದ ಮಣ್ಣಿನ ಗೋಡೆಯ ಒಂದು ಕೋಣೆ, ಅಂಗಳದಲ್ಲಿ ಒಂದು ಕರಿಬೇವಿನ ಗಿಡ. ಬೆಲೆ 24 ಲಕ್ಷ. ನಿವೃತ್ತಿಯ ಹಣದಿಂದ 14 ಲಕ್ಷ ಕೊಟ್ಟೆ. ಉಳಿದ 10 ಲಕ್ಷವನ್ನು ಮಗನ ಹೆಸರಿನಲ್ಲಿ ಸಾಲ ಮಾಡಿದೆವು.

ಸಾಲದ ದಿನ ನಮ್ಮ ಮುಂದೆ ಕಾಗದಗಳ ಒಂದು ಕಟ್ಟನ್ನೇ ಇಟ್ಟರು. ಗುರುತು ಹಾಕಿದಲ್ಲೆಲ್ಲ ಸಹಿ ಮಾಡುತ್ತ ಹೋದೆವು. ಅದರಲ್ಲಿ ಒಂದು ಕಾಗದ ತೋರಿಸಿ "ಇದು ವಿಮಾದ್ದು, ಕಂತು ಸಾಲದಾಗ ಹಿಡಿದೈತ್ರಿ" ಎಂದರು. ನಾನು ತಲೆದೂಗಿದೆ. ಮನೆಯ ಸಾಲ, ಮನೆಯ ಕಾಗದ, ಆದ್ದರಿಂದ ವಿಮೆಯೂ ಮನೆಯದೇ ಎಂದು ನನ್ನ ತರ್ಕ.

ಅದೇ ಕಾರ್ತಿಕದಲ್ಲಿ ವಾಸ್ತುಶಾಂತಿ. ಊಟದ ಪಂಕ್ತಿ ಏಳುವ ಹೊತ್ತಿಗೆ ನನ್ನ ಇನ್ನೊಬ್ಬ ಶಿಷ್ಯ ಬಂದ. ವಿಮಾ ಏಜೆಂಟನ ಕೆಲಸ ಮಾಡುತ್ತಿದ್ದವನು. ಕಾಲಿಗೆ ನಮಸ್ಕರಿಸಿ, ಕಿಸೆಯಿಂದ ಒಂದು ಫಾರ್ಮು ತೆಗೆದು, "ಸರ್, ಮನಿಗೆ ಒಂದು ವಿಮಾ ಮಾಡಿಸಿಬಿಡ್ರಿ. ಬೆಂಕಿ, ಹೊಳಿ ನೀರು ಎಲ್ಲಾ ಬರತೈತ್ರಿ ಇದರಾಗ" ಎಂದ. ನನಗೆ ಸಿಟ್ಟು ಬಂತು. "ತಮ್ಮಾ, ಶುಭದಿನ ಐತಿ. ಇವತ್ತ ಬೆಂಕಿ, ನೀರು ಅಂತ ಹೆಸರು ಎತ್ತಬ್ಯಾಡ. ಬ್ಯಾಂಕಿನವರು ಆಗಲೇ ಮಾಡಿಸ್ಯಾರ" ಎಂದು ಹೇಳಿ ಹೋಳಿಗೆ ಬಡಿಸಲು ಹೇಳಿದೆ. ಪಾಪ, ಅವನು ಫಾರ್ಮನ್ನು ಮಡಚಿ ಕಿಸೆಗೆ ಹಾಕಿಕೊಂಡು ಊಟ ಮಾಡಿ ಹೋದ.

ಹತ್ತು ತಿಂಗಳು ಕಳೆಯಲಿಲ್ಲ. 2019ರ ಆಗಸ್ಟ್ ತಿಂಗಳ ಮೊದಲ ವಾರ. ನಮ್ಮ ಘಟಪ್ರಭೆ ಹುಟ್ಟುವುದು ಇಲ್ಲಿ ಅಲ್ಲ, ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ. ಅಲ್ಲಿ ಮಳೆ ಸುರಿದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಬರುತ್ತದೆ. ಹಿಡಕಲ್ ಜಲಾಶಯ ತುಂಬಿ ನೀರು ಬಿಟ್ಟಾಗ, ಸಂಕೇಶ್ವರದ ಮೇಲಿಂದ ಬರುವ ಹಿರಣ್ಯಕೇಶಿಯ ನೀರೂ ಅದಕ್ಕೆ ಕೂಡಿಕೊಂಡಿತು. ಅತ್ತ ಮಾರ್ಕಂಡೇಯ ನದಿಯೂ ಉಕ್ಕಿತು. ಗೋಕಾಕದ ಎಷ್ಟೋ ಓಣಿಗಳು ನೀರಿನಲ್ಲಿ ನಿಂತವು, ಲೋಳಸೂರ ಸೇತುವೆ ಮುಳುಗಿತು. ನಮ್ಮ ಓಣಿಯಲ್ಲಿ ರಾತ್ರಿ ಮೈಕಿನಲ್ಲಿ ಕೂಗುತ್ತ ಬಂದರು. ಕೈಗೆ ಸಿಕ್ಕ ಕಾಗದಪತ್ರ, ಔಷಧ, ಎರಡು ಜೊತೆ ಬಟ್ಟೆ ಹಿಡಿದು ಹೊರಟೆವು. ಆ ರಾತ್ರಿ ನಾವು ಮಲಗಿದ್ದು ಒಂದು ಶಾಲೆಯ ಕೊಠಡಿಯಲ್ಲಿ. ಜೀವಮಾನವೆಲ್ಲ ಕರಿಹಲಗೆಯ ಮುಂದೆ ನಿಂತವನು ಅಂದು ಕರಿಹಲಗೆಯ ಕೆಳಗೆ ಚಾಪೆ ಹಾಸಿಕೊಂಡು ಮಲಗಿದೆ.

ನೀರು ಇಳಿದ ಮೇಲೆ ಹೋಗಿ ನೋಡಿದರೆ, ಆರ್‌ಸಿಸಿ ಕೋಣೆಗಳು ನಿಂತಿದ್ದವು. ಹಿಂದಿನ ಮಣ್ಣಿನ ಕೋಣೆ ಕುಸಿದು ದಿಬ್ಬವಾಗಿತ್ತು. ಎದೆಮಟ್ಟದವರೆಗೆ ಕೆಸರಿನ ಗೆರೆ. ಬಾಗಿಲುಗಳು ಉಬ್ಬಿದ್ದವು. ವೈರಿಂಗ್ ಮತ್ತು ಪಂಪಿಗೆ 40,000, ಬಾಗಿಲು, ಗಿಲಾವು, ನೆಲಕ್ಕೆ 90,000, ಹಿಂದಿನ ಕೋಣೆ ಮತ್ತೆ ಕಟ್ಟಿಸಲು 1,10,000, ಫ್ರಿಜ್ಜು, ಹಾಸಿಗೆ, ಅಲಮಾರಿ ಮೊದಲಾದ ಸಾಮಾನಿಗೆ 70,000. ಒಟ್ಟು 3,10,000 ರೂಪಾಯಿ. ಇದಲ್ಲದೆ ಮೂವತ್ನಾಲ್ಕು ವರ್ಷದ ನನ್ನ ದಿನಚರಿಗಳು, ಪ್ರತಿವರ್ಷ ಹತ್ತನೆಯ ತರಗತಿಯ ಮಕ್ಕಳೊಡನೆ ತೆಗೆಸಿದ ಭಾವಚಿತ್ರಗಳು. ಅವುಗಳಿಗೆ ಬೆಲೆ ಕಟ್ಟುವ ಸರ್ವೇಯರ್ ಯಾರೂ ಇಲ್ಲ. ಯಾವ ವಿಮೆಯೂ ಅವನ್ನು ಮರಳಿಸುತ್ತಿರಲಿಲ್ಲ. ಆ ಮಾತು ಬೇರೆ.

ಧೈರ್ಯದಿಂದಲೇ ಸಾಲ ಕೊಟ್ಟ ಸಂಸ್ಥೆಗೆ ಹೋಗಿ ವಿಮೆಯ ಕಾಗದ ಕೇಳಿದೆ. ತೆಗೆದು ಕೊಟ್ಟರು. ಕನ್ನಡಕ ಹಾಕಿಕೊಂಡು, ಮೊದಲ ಸಲ, ಪೂರ್ತಿ ಓದಿದೆ. ಅದು ಮನೆಯ ವಿಮೆಯಾಗಿರಲಿಲ್ಲ. ಸಾಲ ತೀರುವ ಮೊದಲು ನನ್ನ ಮಗ ತೀರಿಕೊಂಡರೆ ಸಾಲವನ್ನು ಭರಿಸುವ ಜೀವವಿಮೆ! ನನ್ನ ಮನೆ ಮುಳುಗಿತ್ತು, ದೇವರ ದಯೆಯಿಂದ ಮಗ ಚೆನ್ನಾಗಿದ್ದ. ಆ ಕಾಗದದಿಂದ ಒಂದು ಪೈಸೆಯೂ ಬರುವಂತಿರಲಿಲ್ಲ. ಅಲ್ಲಿಯ ಸಿಬ್ಬಂದಿಯನ್ನು ನಾನು ದೂರುವುದಿಲ್ಲ. ಅವರು "ವಿಮಾ" ಎಂದರು, ನಾನು "ಮನೆಯ ವಿಮಾ" ಎಂದು ಕೇಳಿಸಿಕೊಂಡೆ. ಅವರು ಬಿಡಿಸಿ ಹೇಳಬೇಕಿತ್ತು ಎಂಬುದು ಸರಿ. ಓದು ಬಲ್ಲ ನಾನು ಓದಬೇಕಿತ್ತು ಎಂಬುದು ಅದಕ್ಕಿಂತ ಸರಿ.

ಮರುದಿನ ಆ ಏಜೆಂಟ್ ಶಿಷ್ಯ ತನ್ನ ಇಬ್ಬರು ತಮ್ಮಂದಿರನ್ನೂ ಒಂದು ಟ್ರ್ಯಾಕ್ಟರನ್ನೂ ಕರೆದುಕೊಂಡು ಬಂದು ಮೂರು ದಿನ ಕೆಸರು ಹೊತ್ತು ಹಾಕಿದ. ಫಾರ್ಮಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಅವನು ಎತ್ತದಿದ್ದುದೇ ನನಗೆ ಹೆಚ್ಚು ಚುಚ್ಚಿತು.

ಇಷ್ಟು ನನ್ನ ಕಥೆ. ಇನ್ನು ನನ್ನ ಅಭಿಪ್ರಾಯ.

ನಮ್ಮ ಭಾಗದಲ್ಲಿ ವಿಮೆ ಎಂದರೆ ಗೊತ್ತಿಲ್ಲವೆಂದಲ್ಲ. 1956ರಿಂದ ಜೀವವಿಮಾ ನಿಗಮ ಮನೆಮನೆಗೆ ಬಂದಿದೆ. ಸಾಮಾನ್ಯ ವಿಮೆಯ ಕಂಪನಿಗಳನ್ನು 1972ರ ಕಾಯ್ದೆಯಿಂದ ರಾಷ್ಟ್ರೀಕರಿಸಿದಾಗ ನಾಲ್ಕು ಸರಕಾರಿ ಕಂಪನಿಗಳಾದವು. ಈಗ ಖಾಸಗಿಯವೂ ಇವೆ. ಮೋಟಾರ್ ಸೈಕಲ್ಲಿಗೆ ಕಾಯ್ದೆಯ ಭಯದಿಂದಾದರೂ ವಿಮೆ ಇದೆ. ರೈತರಿಗೆ 2016ರಿಂದ ಫಸಲ್ ಬಿಮಾ ಇದೆ. ಎಮ್ಮೆಗೂ ಕಿವಿಗೆ ಬಿಲ್ಲೆ ಹಾಕಿಸಿ ವಿಮೆ ಮಾಡಿಸುವವರನ್ನು ಕಂಡಿದ್ದೇನೆ. ಆದರೆ ಜೀವಮಾನದ ಗಳಿಕೆಯನ್ನೆಲ್ಲ ಸುರಿದು ಕೊಂಡ ಮನೆಗೆ ಮಾತ್ರ ವಿಮೆಯಿಲ್ಲ. ಏಕೆ ಎಂದು ಕೇಳಿದರೆ ಮೂರು ಉತ್ತರ ಬರುತ್ತವೆ. ಮೂರನ್ನೂ ನಾನೇ ಹಿಂದೆ ಹೇಳಿದ್ದರಿಂದ ಅವುಗಳ ಮೇಲೆ ಮಾತನಾಡುವ ಅಧಿಕಾರ ನನಗಿದೆಯೆಂದು ಭಾವಿಸುತ್ತೇನೆ.

ಮೊದಲನೆಯದು: "ಏನೂ ಆಗದಿದ್ದರೆ ಕಟ್ಟಿದ ಹಣ ವ್ಯರ್ಥವಲ್ಲವೇ?" ನಮ್ಮ ಮದುವೆ ಮುಂಜಿಗಳಲ್ಲಿ ಆಯೇರಿ ಬರೆದುಕೊಳ್ಳುವ ಪುಸ್ತಕವಿರುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಇಂಥವರು ಇಷ್ಟು ಕೊಟ್ಟರು, ಅವರ ಮನೆಯ ಕಾರ್ಯಕ್ಕೆ ನಾವು ಇಷ್ಟು ಕೊಡಬೇಕು. ಒಬ್ಬನ ಹೊರೆಯನ್ನು ನೂರು ಜನ ಹಂಚಿಕೊಳ್ಳುವ ವಿದ್ಯೆ ನಮ್ಮ ಹಿರಿಯರಿಗೆ ಗೊತ್ತಿತ್ತು. ವಿಮೆಯೂ ಅದೇ. ನಾನು ಕಟ್ಟಿದ ಕಂತು ಈ ವರ್ಷ ಯಾರ ಸುಟ್ಟ ಮನೆಗೋ ಹೋಯಿತು. ಅದು ವ್ಯರ್ಥವಲ್ಲ, ನನ್ನ ಮನೆ ಸುಡಲಿಲ್ಲವಲ್ಲ ಎಂದು ಸಮಾಧಾನ ಪಡಬೇಕು. ಹಾಗಾದರೆ ಆಯೇರಿಯೇ ಸಾಲದೇ, ಬಂಧುಬಳಗವೇ ನೋಡಿಕೊಳ್ಳದೇ ಎಂದರೆ, ಮದುವೆಗೆ ಸಾಕು, ಪ್ರವಾಹಕ್ಕೆ ಸಾಲದು. 2019ರಲ್ಲಿ ನನಗೆ ಸಹಾಯ ಮಾಡಬೇಕಾದ ನನ್ನ ತಂಗಿಯ ಮನೆಯೂ ನೀರಿನಲ್ಲಿತ್ತು, ಷಡ್ಡಕನ ಅಂಗಡಿಯೂ ನೀರಿನಲ್ಲಿತ್ತು. ನಮ್ಮ ಭಿಶಿಯ ಹನ್ನೆರಡು ಸದಸ್ಯರಲ್ಲಿ ಏಳು ಜನ ಒಂದೇ ವಾರದಲ್ಲಿ ಹಣ ಕೇಳಿದರು. ಒಂದೇ ಹೊಳೆಯ ದಂಡೆಯಲ್ಲಿ ಇರುವವರು ಎಲ್ಲರೂ ಒಮ್ಮೆಲೇ ಮುಳುಗುತ್ತಾರೆ. ಆಗ ಹೊಳೆಯನ್ನೇ ಕಾಣದ ದೂರದ ಸೀಮೆಯವರ ಕಂತೂ ನಮ್ಮ ಜೊತೆ ಸೇರಿದ್ದರೆ ಮಾತ್ರ ಸಹಾಯ ಸಾಧ್ಯ. ವಿಮೆಯಲ್ಲಿ ಆಗುವುದು ಇದೇ.

ಎರಡನೆಯದು: "ಸರಕಾರ ಪರಿಹಾರ ಕೊಡುತ್ತದೆ." ಕೊಡುತ್ತದೆ, ಅಲ್ಲಗಳೆಯುವುದಿಲ್ಲ. 2019ರಲ್ಲಿ ನೀರು ಹೊಕ್ಕ ಮನೆಗಳವರಿಗೆ ತಕ್ಷಣದ ಪರಿಹಾರವಾಗಿ 10,000 ರೂಪಾಯಿ ಕೊಟ್ಟರು, ನಮಗೂ ಬಂತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿದರು. ಹಾನಿಯನ್ನು ಎ, ಬಿ, ಸಿ ಎಂದು ವರ್ಗ ಮಾಡಿ, ಕಟ್ಟಡ ಏರಿದಂತೆ ಹಂತಹಂತವಾಗಿ ಹಣ ಬಿಡುಗಡೆ ಮಾಡಿದರು. ಅದರಿಂದ ಮನೆ ಕಟ್ಟಿಕೊಂಡವರು ನಮ್ಮ ಸುತ್ತ ಬಹಳ ಜನ ಇದ್ದಾರೆ. ಆದರೆ ಆ ಹಣ ದಯೆಯಿಂದ ಬರುವುದು, ಹಕ್ಕಿನಿಂದಲ್ಲ. ಎಷ್ಟು, ಯಾವಾಗ, ಯಾವ ವರ್ಗ ಎಂಬುದನ್ನು ನಿರ್ಧರಿಸುವವರು ಬೇರೆ. ನಿಮ್ಮ ಒಬ್ಬರ ಮನೆಗೆ ಶಾರ್ಟ್ ಸರ್ಕ್ಯೂಟಿನಿಂದ ಬೆಂಕಿ ಬಿದ್ದರೆ ಆಗ ಊರೆಲ್ಲ ಮುಳುಗಿದಾಗಿನಂತೆ ಮಂತ್ರಿಗಳು ಬಂದು ವಿಶೇಷ ಪರಿಹಾರ ಘೋಷಿಸುವುದಿಲ್ಲ. ವಿಮೆಯ ಪಾಲಿಸಿಯಾದರೋ ಒಂದು ಕರಾರು. ಕೊಡದಿದ್ದರೆ ಕೇಳುವ ಹಕ್ಕಿದೆ.

ಮೂರನೆಯದು: "ಶುಭಕಾರ್ಯದಲ್ಲಿ ಅಶುಭದ ಮಾತೇಕೆ?" ಇದನ್ನು ನಾನು ಬಹಳ ಯೋಚಿಸಿದ್ದೇನೆ. ವಾಸ್ತುಶಾಂತಿಯನ್ನು ಮಾಡುವುದಾದರೂ ಏಕೆ? ಮನೆಗೆ ಕೆಡುಕಾಗದಿರಲಿ ಎಂದೇ ಅಲ್ಲವೇ? ಕೆಡುಕನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹಿರಿಯರು ಆ ಪದ್ಧತಿ ಇಟ್ಟರು. ಪೂಜೆಯೂ ಇರಲಿ, ಪಾಲಿಸಿಯೂ ಇರಲಿ. ಬಾಗಿಲಿಗೆ ತೋರಣ ಕಟ್ಟಿದವರು ಚಿಲಕ ಹಾಕುವುದನ್ನು ಬಿಡುತ್ತೇವೆಯೇ?

ಇನ್ನು, ಮನೆ ಕೊಳ್ಳುವವರು ತಿಳಿದಿರಬೇಕಾದ ಕೆಲವು ವಿಷಯಗಳನ್ನು ಪಾಠದ ರೀತಿಯಲ್ಲಿಯೇ ಹೇಳುತ್ತೇನೆ. ಹಳೆಯ ಚಾಳಿ, ಕ್ಷಮಿಸಿರಿ.

ಯಾವ ದಿನದಿಂದ ವಿಮೆ ಬೇಕು? ವಾಸಕ್ಕೆ ಹೋದ ದಿನದಿಂದ ಅಲ್ಲ; ಮನೆ ನಿಮ್ಮದಾದ ದಿನದಿಂದ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮಿನ ಪ್ರಕಾರ, ಒಡೆತನ ಕೊಂಡವನಿಗೆ ಬಂದ ಮೇಲೆ ಆಸ್ತಿಗೆ ಆಗುವ ನಷ್ಟ ಕೊಂಡವನದೇ. ಉಪನೋಂದಣಿ ಕಚೇರಿಯಲ್ಲಿ ಖರೀದಿ ಪತ್ರ ಮುಗಿಸಿ, ಒಳ್ಳೆಯ ಮುಹೂರ್ತ ಸಿಗುವವರೆಗೆ ಎರಡು ತಿಂಗಳು ಮನೆಗೆ ಬೀಗ ಹಾಕಿಡುವವರು ನಮ್ಮಲ್ಲಿ ಬಹಳ. ಆ ಎರಡು ತಿಂಗಳಲ್ಲಿ ಏನಾದರೂ ಆದರೆ ನಷ್ಟ ನಿಮ್ಮದು. "ಮಾರಿದವರ ಹತ್ತಿರ ವಿಮೆ ಇತ್ತಂತೆ" ಎಂದು ನಂಬಿ ಕೂರಬೇಡಿರಿ. ಅವರ ಪಾಲಿಸಿ ಅವರ ಹೆಸರಿನ ಕರಾರು, ಉತಾರದಲ್ಲಿ ಹೆಸರು ಬದಲಾದ ಹಾಗೆ ತಾನಾಗಿ ನಿಮ್ಮ ಹೆಸರಿಗೆ ಬರುವುದಿಲ್ಲ. ಆದ್ದರಿಂದ ಸಂಚಕಾರ ಕೊಟ್ಟಾಗಲೇ ವಿಚಾರಿಸಿಟ್ಟು, ಖರೀದಿಯ ದಿನದಿಂದಲೇ ವಿಮೆ ಆರಂಭವಾಗುವಂತೆ ನೋಡಿಕೊಳ್ಳಿರಿ. ಬೀಗ ಹಾಕಿ ಬಹಳ ದಿನ ಖಾಲಿ ಇಡುವುದಾದರೆ ಅದನ್ನು ಕಂಪನಿಗೆ ಲಿಖಿತವಾಗಿ ತಿಳಿಸುವುದು ಒಳಿತು. ಬೆಂಗಳೂರು, ಪುಣೆಗಳಲ್ಲಿದ್ದು ಊರಿನಲ್ಲಿ ಮನೆ ಕೊಳ್ಳುವವರು ಇದನ್ನು ಗಮನಿಸಬೇಕು.

ಎಂಥ ಪಾಲಿಸಿ? 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ ಸಾಮಾನ್ಯ ವಿಮಾ ಕಂಪನಿಗಳು 'ಭಾರತ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಕೊಡುತ್ತಿವೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ ಮೊದಲಾದವು ಅದರಲ್ಲಿ ಸೇರಿವೆ. ಅಮೆರಿಕದಲ್ಲಿರುವ ನನ್ನ ಸೋದರಳಿಯ ಹೇಳುತ್ತಾನೆ: ಅಲ್ಲಿ ಸಾಲ ಮಾಡಿ ಮನೆ ಕೊಳ್ಳುವಾಗ ವಿಮೆಯ ಕಾಗದ ತೋರಿಸದೆ ವ್ಯವಹಾರವೇ ಮುಗಿಯುವುದಿಲ್ಲವಂತೆ. ಆದರೆ ಅಲ್ಲಿಯ ಸಾಮಾನ್ಯ ಗೃಹವಿಮೆಯಲ್ಲಿ ಪ್ರವಾಹ ಸೇರಿರುವುದಿಲ್ಲ. ಅದಕ್ಕೆಂದು 1968ರಿಂದ ಸರಕಾರವೇ ಬೇರೆ ಯೋಜನೆ ನಡೆಸಿದೆ. ನಮ್ಮಲ್ಲಿ ಪ್ರವಾಹ ಮೂಲ ಪಾಲಿಸಿಯಲ್ಲಿಯೇ ಇದೆ. ಹೊಳೆದಂಡೆಯ ನಮಗೆ ಇದು ದೊಡ್ಡ ಅನುಕೂಲ. ಅದನ್ನು ನಾವೇ ಬಳಸಿಕೊಳ್ಳುತ್ತಿಲ್ಲ.

ಎಷ್ಟು ಮೊತ್ತಕ್ಕೆ? ಇಲ್ಲಿ ಎಲ್ಲರೂ ತಪ್ಪುತ್ತಾರೆ. ಮನೆ ಕೊಂಡ ಬೆಲೆಗೆ ವಿಮೆ ಮಾಡಿಸುವುದಲ್ಲ. ನಿವೇಶನದ ಬೆಲೆ ಅದರಲ್ಲಿ ಬರುವುದಿಲ್ಲ. ಮನೆ ಬಿದ್ದರೂ ಜಾಗ ಉಳಿಯುತ್ತದೆ. ಮತ್ತೆ ಕಟ್ಟಲು ಎಷ್ಟು ಬೇಕೋ ಅಷ್ಟಕ್ಕೆ ವಿಮೆ. ಒಂದು ಲೆಕ್ಕ ಮಾಡೋಣ. ಒಳಗಿನ ಅಳತೆ 800 ಚದರ ಅಡಿ, ಇಂದು ಕಟ್ಟಲು ಚದರ ಅಡಿಗೆ 2,000 ರೂಪಾಯಿ ಎಂದಿಟ್ಟುಕೊಂಡರೆ 16 ಲಕ್ಷ. ಮನೆಯನ್ನು 28 ಲಕ್ಷಕ್ಕೆ ಕೊಂಡಿದ್ದರೂ ವಿಮೆ 16 ಲಕ್ಷಕ್ಕೆ. ಮನೆಯೊಳಗಿನ ಸಾಮಾನಿಗೆ ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಅಂದರೆ ಇಲ್ಲಿ 3,20,000 ರೂಪಾಯಿ, ಅದೇ ಪಾಲಿಸಿಯಲ್ಲಿ ತಾನಾಗಿ ಸೇರುತ್ತದೆ. ಇದಕ್ಕೆ 10 ಲಕ್ಷದ ಮಿತಿ ಇದೆ. ಚಿನ್ನ ಮೊದಲಾದ ಬೆಲೆಬಾಳುವ ವಸ್ತುಗಳನ್ನು ಬೇರೆಯಾಗಿ ಕೇಳಿ ಸೇರಿಸಬೇಕು. ಹಳೆಯ ಪಾಲಿಸಿಗಳಲ್ಲಿ ಒಂದು ಕಟ್ಟುನಿಟ್ಟು ಇತ್ತು: 20 ಲಕ್ಷದ ಮನೆಯನ್ನು 10 ಲಕ್ಷಕ್ಕೆ ವಿಮೆ ಮಾಡಿಸಿ, 4 ಲಕ್ಷ ನಷ್ಟವಾದರೆ 2 ಲಕ್ಷವೇ ಕೊಡುತ್ತಿದ್ದರು, ಏಕೆಂದರೆ ನೀವು ಅರ್ಧ ಮಾತ್ರ ವಿಮೆ ಮಾಡಿಸಿದ್ದೀರಿ. ಭಾರತ ಗೃಹ ರಕ್ಷಾದಲ್ಲಿ ಆ ಕಡಿತವನ್ನು ಬಿಟ್ಟಿದ್ದಾರೆ. ಹಾಗೆಂದು ಅಳತೆಯನ್ನು ಸುಳ್ಳು ಬರೆಯಬಾರದು.

ಏನೇನು ಬರುವುದಿಲ್ಲ? ವರ್ಷಗಳಿಂದ ಸೋರಿ ಹಾಳಾದ ಛತ್ತು, ಸವಕಳಿ, ಕಟ್ಟುವಾಗಲೇ ಇದ್ದ ದೋಷ ಇವಾವುವೂ ಬರುವುದಿಲ್ಲ. ಬೆಂಕಿಯೋ ಪ್ರವಾಹವೋ ಆದ ಕಾರಣದಿಂದ ಏಳು ದಿನದೊಳಗೆ ನಡೆದ ಕಳವು ಸೇರಿದೆ. ಮಾಮೂಲಿ ಮನೆಗಳ್ಳತನಕ್ಕೆ ಬೇರೆ ವಿಮೆ ಬೇಕು. ಹೊಸ ಮನೆಗೆ ಸಾಮಾನು ಸಾಗಿಸುವಾಗ ಟೆಂಪೋದಲ್ಲಿ ಟಿ.ವಿ. ಒಡೆದರೆ ಸಾಮಾನ್ಯವಾಗಿ ಗೃಹವಿಮೆ ಅದನ್ನು ನೋಡುವುದಿಲ್ಲ. ನಮ್ಮ ಕಡೆಯ ಮಣ್ಣಿನ ಗೋಡೆ, ಮೇಲ್ಮುದ್ದೆಯ ಮನೆಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಅರ್ಜಿಯಲ್ಲಿ ಗೋಡೆ ಮಣ್ಣಿನದು, ಛಾವಣಿ ಇಂಥದ್ದು ಎಂದು ಸತ್ಯವನ್ನೇ ಬರೆದು, ಒಪ್ಪಿದ್ದಾರೆಂಬುದನ್ನು ಬರಹದಲ್ಲಿ ಪಡೆಯಿರಿ. ಅರ್ಜಿಯಲ್ಲಿ ಮುಚ್ಚಿಟ್ಟ ಸಂಗತಿ ನಷ್ಟದ ದಿನ ಎದ್ದು ಬಂದು ನಿಮ್ಮ ವಿರುದ್ಧವೇ ಸಾಕ್ಷಿ ನುಡಿಯುತ್ತದೆ.

ಸಾಲ ಮಾಡುವವರಿಗೆ ಒಂದು ಮಾತು. ಗೃಹವಿಮೆಯನ್ನು ಯಾವ ಕಾಯ್ದೆಯೂ ಕಡ್ಡಾಯ ಮಾಡಿಲ್ಲ. ಆದರೆ ಸಾಲದ ಕರಾರಿನಲ್ಲಿ ಮನೆಗೆ ವಿಮೆ ಇರಬೇಕೆಂಬ ಷರತ್ತು ಇರಬಹುದು. ಇದ್ದರೂ ಇಂಥ ಕಂಪನಿಯಿಂದಲೇ ಕೊಳ್ಳಬೇಕೆಂದು ಒತ್ತಾಯಿಸುವಂತಿಲ್ಲ. ಯಾರಾದರೂ "ವಿಮಾ ಆಗೈತಿ" ಎಂದರೆ ಎರಡೇ ಪ್ರಶ್ನೆ ಕೇಳಿರಿ: ಇದು ಮನುಷ್ಯನ ಮೇಲಿನದೋ, ಮನೆಯ ಮೇಲಿನದೋ? ಪಾಲಿಸಿಯ ಪ್ರತಿ ಎಲ್ಲಿ? ಈ ಎರಡು ಪ್ರಶ್ನೆಗಳನ್ನು ನಾನು ಕೇಳಿದ್ದರೆ ಈ ಲೇಖನದ ಅಗತ್ಯವೇ ಇರುತ್ತಿರಲಿಲ್ಲ.

ನಷ್ಟವಾದಾಗ ಕೂಡಲೇ ಕಂಪನಿಗೆ ತಿಳಿಸಬೇಕು. ಕೆಸರು ಬಳಿಯುವ ಮೊದಲು ಎಲ್ಲವನ್ನೂ ಭಾವಚಿತ್ರ ತೆಗೆದಿಡಬೇಕು. ಹಾಳಾದ ಸಾಮಾನನ್ನು ಸರ್ವೇಯರ್ ನೋಡುವವರೆಗೆ ಎಸೆಯಬಾರದು. ತಲಾಠಿಯವರ ಪಂಚನಾಮೆ, ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ ಇಟ್ಟುಕೊಳ್ಳಬೇಕು. ಮನೆ ವಾಸಕ್ಕೆ ಬಾರದಂತಾದರೆ ಬೇರೆಡೆ ಇರಲು ತೆರುವ ಬಾಡಿಗೆಯನ್ನೂ ಈ ಪಾಲಿಸಿಯಲ್ಲಿ ಕೇಳಬಹುದು. ಖರೀದಿ ಪತ್ರ, ಉತಾರ, ಪಾಲಿಸಿ ಇವುಗಳ ಒಂದೊಂದು ಪ್ರತಿ ಬೇರೆ ಊರಿನ ಮಕ್ಕಳ ಬಳಿ ಇರಲಿ. ಮನೆಯ ತಿಜೋರಿಯೇ ಮುಳುಗಿದರೆ ಕಾಗದವೂ ಮುಳುಗುತ್ತದೆ. ಕಂಪನಿ ಅನ್ಯಾಯವಾಗಿ ನಿರಾಕರಿಸಿದರೆ ಮೊದಲು ಅವರಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. 2023ರಿಂದ 50 ಲಕ್ಷದವರೆಗಿನ ತಕರಾರುಗಳನ್ನು ಅವರು ನೋಡುತ್ತಾರೆ.

ಬಾಡಿಗೆ ಮನೆಯಲ್ಲಿರುವ ಕಿರಿಯರೂ ಇದು ತಮಗಲ್ಲ ಎಂದುಕೊಳ್ಳಬೇಡಿರಿ. ಗೋಡೆ ಮಾಲೀಕರದು, ಒಳಗಿನ ಸಾಮಾನು ನಿಮ್ಮದು. ಸಾಮಾನಿಗೆ ಮಾತ್ರವೂ ವಿಮೆ ಮಾಡಿಸಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸತ್ಯವನ್ನು ಮರೆಮಾಚಬಾರದು. ನಮ್ಮ ಓಣಿಯ ಕೆಳಗೆ ಹೊಳೆಗೆ ಇನ್ನೂ ಹತ್ತಿರ ಇರುವ ಎಷ್ಟೋ ಮನೆಗಳಿಗೆ ಉತಾರವೇ ಸರಿಯಿಲ್ಲ. ಕೂಲಿ ಮಾಡುವ ಅವರಿಗೆ ವಿಮೆಯ ಉಪದೇಶ ಮಾಡುವುದು ಹಸಿದವನಿಗೆ ಅಡುಗೆಯ ಪುಸ್ತಕ ಕೊಟ್ಟಂತೆ. ಅವರಿಗೆ ಸರಕಾರದ ಪರಿಹಾರವೇ ಗತಿ, ಅದು ಇರಲೇಬೇಕು. ವಿಮೆ ಮಾಡಿಸಿದ್ದೇವೆಂದು ಹೊಳೆಯ ಪಾತ್ರದಲ್ಲಿ ಮನೆ ಕಟ್ಟುವುದೂ ತಪ್ಪು. ಹಣ ಬಂದೀತು, ಪ್ರಾಣ ಬಾರದು. ನಾನು ಹೇಳುತ್ತಿರುವುದು ನಮ್ಮಂಥವರಿಗೆ: ಪಿಂಚಣಿ, ಸಂಬಳ, ಒಕ್ಕಲುತನದ ಆದಾಯ ಇದ್ದು, ಶಕ್ತಿಯಿದ್ದೂ ಮಾಡಿಸದವರಿಗೆ. ನಾವು ನಮ್ಮ ಹೊರೆಯನ್ನು ಹೊತ್ತುಕೊಂಡರೆ ಸರಕಾರದ ಕೈ ನಿಜವಾಗಿ ಇಲ್ಲದವರ ಕಡೆಗೆ ಹೆಚ್ಚು ಚಾಚಬಹುದು. ಸಾಲ ಕೊಡುವ ಸಂಸ್ಥೆಗಳಿಗೂ ನನ್ನದೊಂದು ವಿನಂತಿ. ಸಾಲದ ದಿನ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಒಂದೇ ಸಾಲಿನ ಚೀಟಿ ಕೊಡಿರಿ: "ನಿಮ್ಮ ಮನೆಗೆ ವಿಮೆ ಆಗಿದೆ" ಅಥವಾ "ಆಗಿಲ್ಲ". ಇಷ್ಟು ಸಾಕು.

ನಾನು 2021ರಲ್ಲಿ ಪಾಲಿಸಿ ಮಾಡಿಸಿದೆ, ಅದೇ ಏಜೆಂಟ್ ಶಿಷ್ಯನ ಕೈಯಿಂದ. ನನಗೆ ಬಂದ ವರ್ಷದ ಕಂತು ನಮ್ಮ ಮನೆಯ ಒಂದು ತಿಂಗಳ ಹಾಲಿನ ಬಿಲ್ಲಿಗಿಂತ ಕಡಿಮೆ. ಅದೇ ಜುಲೈನಲ್ಲಿ ಹೊಳೆ ಮತ್ತೆ ಬಂತು. ನಮ್ಮ ಮೆಟ್ಟಿಲವರೆಗೆ ಬಂದು ಹಿಂದಿರುಗಿತು. 2024ರ ಜುಲೈನಲ್ಲಿಯೂ ಗೋಕಾಕದ ತಗ್ಗಿನ ಓಣಿಗಳಿಗೆ ನೀರು ನುಗ್ಗಿತು. ನಾನು ಇದುವರೆಗೆ ಒಂದು ರೂಪಾಯಿಯನ್ನೂ ವಿಮೆಯಿಂದ ಪಡೆದಿಲ್ಲ. ಮುಂದೆಯೂ ಪಡೆಯದಿರಲಿ ಎಂದೇ ದೇವರಲ್ಲಿ ಬೇಡುತ್ತೇನೆ. ಆದರೆ ಹಿಡಕಲ್ಲಿನಿಂದ ನೀರು ಬಿಟ್ಟ ಸುದ್ದಿ ಬಂದ ರಾತ್ರಿ ನನ್ನ ಚಿಂತೆ ಈಗ ಜೀವದ ಬಗ್ಗೆ ಮಾತ್ರ, ಮಗನ ಸಾಲದ ಬಗ್ಗೆ ಅಲ್ಲ.

ಬರುವ ವಾರ ಆ ಕಿಟಕಿಯ ಪಕ್ಕದ ಹುಡುಗನ ವಾಸ್ತುಶಾಂತಿ. ಸಾಲದ ಕಾಗದಗಳನ್ನು ತೆಗೆದು ನೋಡೆಂದು ಹೇಳಿದ್ದೆ. ನೋಡಿ, "ಮನಿದು ಇಲ್ರಿ ಸರ್, ನನ್ನ ಮ್ಯಾಲಿಂದು ಐತ್ರಿ" ಎಂದು ಮೊನ್ನೆ ತಿಳಿಸಿದ. ಈ ಸಲ ಆಯೇರಿಗೆ ಪಾತ್ರೆ ಒಯ್ಯುವುದು ಬೇಡವೆಂದು ನಾನೂ ನನ್ನ ಶ್ರೀಮತಿಯೂ ನಿರ್ಧರಿಸಿದ್ದೇವೆ. ಒಂದು ಲಕೋಟೆಯಲ್ಲಿ ಮೊದಲ ವರ್ಷದ ಕಂತಿನ ಹಣವಿಟ್ಟು, ಮೇಲೆ ಅರಿಷಿಣ ಕುಂಕುಮ ಹಚ್ಚಿ ಕೊಡುತ್ತೇವೆ. ಶುಭದಿನವೆಂದು ಅವನು ಸಿಟ್ಟು ಮಾಡಿಕೊಳ್ಳಲಾರ ಎಂದು ನಂಬಿದ್ದೇನೆ.

ನೀವೂ ನಿಮ್ಮ ನಿಮ್ಮ ಮನೆಯ ಕಾಗದಗಳನ್ನು ಈ ಭಾನುವಾರ ಒಮ್ಮೆ ತೆಗೆದು ಓದಿರಿ. ಪೂರ್ತಿ ಓದಿರಿ.

ಎಲ್ಲರಿಗೂ ಒಳ್ಳೆಯದಾಗಲಿ.